ಅಂಬೆಗಾಲಿಡುವ ಮಗು, ಮೂರಡಿ ಕತ್ತಿ: ಯಾವ ಕಪಾಟು ಕೊಳ್ಳಬೇಕು?

ಕತ್ತಿ ಇಡುವುದಕ್ಕೆಂದೇ ಮಾಡಿದ, ಬೀಗವೂ ಗಟ್ಟಿಯಾಗಿರುವ ಕಪಾಟು ಹುಡುಕಿದರೆ ಸಿಗುವುದು ಅಪರೂಪ. ಸಿಗುವುದೆಲ್ಲ ಬೇರೆ ಯಾವುದಕ್ಕೋ ಮಾಡಿದ್ದು: ಬಂದೂಕಿಗೆ ಮಾಡಿದ ಉದ್ದನೆಯ ಉಕ್ಕಿನ ಕಪಾಟು, ಬೊಂಬೆ-ಪಿಂಗಾಣಿಗೆ ಮಾಡಿದ ಗಾಜಿನ ಷೋಕೇಸು, ಕ್ಯಾಮೆರಾ ಸಾಗಿಸಲು ಮಾಡಿದ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ. ಹತ್ತು ಕತ್ತಿ, ಮೂವತ್ತು ಚಾಕು ಸೇರಿಸಿಟ್ಟವರ ಮನೆಗೆ ಮಗು ಬಂದಾಗ ಇವುಗಳಲ್ಲೇ ಒಂದನ್ನು ಆರಿಸಿಕೊಳ್ಳಬೇಕು. ಇಲ್ಲಿರುವುದು ಈ ಮೂರರ ವಿಮರ್ಶೆ. ಅವುಗಳ ಬೀಗ, ಒಳಗಿಡುವ ಒರೆ, ಎಣ್ಣೆ, ತೇವ ಹೀರುವ ಸಿಲಿಕಾ ಜೆಲ್ ಕೂಡ ಇದರಲ್ಲಿ ಬರುತ್ತವೆ, ಯಾಕೆಂದರೆ ಮಗುವಿನ ಮಟ್ಟಿಗೆ ಅವೂ ಕತ್ತಿಯಷ್ಟೇ ಲೆಕ್ಕಕ್ಕೆ ಬರುವ ವಸ್ತುಗಳು.

ಕಪಾಟಿನ ಜಾಹೀರಾತು ಕಳ್ಳನನ್ನು ಮನಸ್ಸಿನಲ್ಲಿಟ್ಟು ಬರೆದಿದ್ದು: ತಗಡು ಎಷ್ಟು ದಪ್ಪ, ಸರಳು ಎಷ್ಟು, ಡ್ರಿಲ್ ಹಾಕಿದರೆ ಎಷ್ಟು ಹೊತ್ತು ತಡೆಯುತ್ತದೆ. ಮೂರು ವರ್ಷದ ಮಗು ಡ್ರಿಲ್ ತರುವುದಿಲ್ಲ. ದೊಡ್ಡವರು ಫೋನ್ ಬಂತೆಂದು ಎದ್ದುಹೋದ ಆ ಎರಡು ನಿಮಿಷವೇ ಅದಕ್ಕೆ ಸಾಕು. ಹಾಗಾಗಿ ಇಲ್ಲಿನ ತಕ್ಕಡಿ ಒಂದೇ: ತೆಗೆದ ಕತ್ತಿಯನ್ನು ಒಳಗಿಟ್ಟು ಬೀಗ ಬೀಳುವವರೆಗೆ ಎಷ್ಟು ಸೆಕೆಂಡು ಬೇಕು, ಬೀಗ ಹಾಕಲು ಮರೆತರೆ ಕಪಾಟೇ ಅದನ್ನು ನೆನಪಿಸುತ್ತದೋ ಇಲ್ಲವೋ. ಹತ್ತು ಸೆಕೆಂಡಿಗಿಂತ ಹೆಚ್ಚು ಹಿಡಿಯುವ ಕಪಾಟನ್ನು ಎಂಥ ಶಿಸ್ತಿನ ಮನುಷ್ಯನೂ ಒಂದು ದಿನ 'ಈಗ ಬಂದೆ' ಎಂದು ತೆರೆದಿಟ್ಟೇ ಹೋಗುತ್ತಾನೆ.

ಮೊದಲು ಗೋಡೆಯಿಂದ ಇಳಿಸಿ

'ಎತ್ತರದಲ್ಲಿದೆ, ಕೈಗೆಟುಕಲ್ಲ' ಎಂಬ ಸಮಾಧಾನ ಮಗು ನಡೆಯುವವರೆಗೆ ಮಾತ್ರ. ಒಂದೂವರೆ ವರ್ಷದ ಸುಮಾರಿಗೆ ಸೋಫಾ ಹತ್ತುತ್ತದೆ, ಎರಡು ದಾಟಿದರೆ ಕುರ್ಚಿ ಎಳೆದು ತರುತ್ತದೆ. ಗೋಡೆಯ ಮೊಳೆಗೆ ತೂಗಿದ ಕತ್ತಿಗೆ ಇನ್ನೊಂದು ತೊಂದರೆಯಿದೆ: ಕೆಳಗಿನಿಂದ ಕೋಲು ತಾಗಿಸಿದರೂ ಬೀಳುತ್ತದೆ, ಬೀಳುವಾಗ ಹಿಡಿಯ ಭಾರಕ್ಕೋ ಮೊನೆಯ ಕಡೆಗೋ ಯಾವ ಕಡೆ ತಿರುಗುತ್ತದೆಂದು ಹೇಳಲಾಗದು. ಚಾಕುಗಳನ್ನು ಅಂಟಿಸಿಡುವ ಅಯಸ್ಕಾಂತದ ಪಟ್ಟಿಯೂ ಇದೇ ಜಾತಿ. ಗೋಡೆಗೆ ಕುರ್ಚಿ ಬಡಿದರೆ ದಪ್ಪ ಬೆನ್ನಿನ ಚಾಕು ಜಾರುತ್ತದೆ.

ಹೆಚ್ಚು ಮೋಸ ಮಾಡುವುದು ಅಗ್ಗದ ಅಲಂಕಾರದ ಕತ್ತಿ. 'ಹರಿತವೇ ಇಲ್ಲ, ಬೆಲೆಬಾಳುವುದೂ ಅಲ್ಲ' ಎಂದು ಒಳ್ಳೆಯ ಕತ್ತಿಗಳನ್ನೆಲ್ಲ ಕಪಾಟಿಗೆ ಸೇರಿಸಿ ಇದೊಂದನ್ನು ಗೋಡೆಯ ಮೇಲೇ ಬಿಡುತ್ತಾರೆ. ಇಂಥವುಗಳಲ್ಲಿ ಹಲವಕ್ಕೆ ಸ್ಟೇನ್‌ಲೆಸ್ ಅಲಗಿನ ಬುಡಕ್ಕೆ ಬೆರಳಿಗಿಂತ ತೆಳುವಾದ ತಿರುಪಿನ ಸರಳನ್ನು ಬೆಸುಗೆ ಹಾಕಿ, ಹಿಡಿಯ ಕೊನೆಯಲ್ಲಿ ನಟ್ ಬಿಗಿದಿರುತ್ತದೆ. ಜೋರಾಗಿ ಬೀಸಿದರೆ ಬೆಸುಗೆಯಲ್ಲಿ ಮುರಿದು ಹಿಡಿ ಕೈಯಲ್ಲಿ ಉಳಿದು ಅಲಗು ಹಾರುತ್ತದೆ. ಮಕ್ಕಳು ಕತ್ತಿ ಹಿಡಿದರೆ ಮೊದಲು ಮಾಡುವುದೇ ಬೀಸುವುದು. ಹರಿತವಿಲ್ಲದ ಅಭ್ಯಾಸದ ಕತ್ತಿಯಾದರೂ ಒಂದರಿಂದ ಒಂದೂವರೆ ಕೆ.ಜಿ. ತೂಗುವ ಉಕ್ಕಿನ ಪಟ್ಟಿ, ಮೊನೆ ಇದ್ದೇ ಇದೆ. ಸಂಗ್ರಹದಲ್ಲಿ ಬೀಗಕ್ಕೆ ವಿನಾಯಿತಿ ಪಡೆಯುವ ವಸ್ತು ಯಾವುದೂ ಇಲ್ಲ. ಊರುಗೋಲಿನೊಳಗೆ ಅಡಗಿದ ಕತ್ತಿ ಇದ್ದರೆ ಅದನ್ನಂತೂ ಬಾಗಿಲ ಮೂಲೆಯಿಂದ ಇವತ್ತೇ ತೆಗೆಯಬೇಕು.

ಬಂದೂಕಿನ ಉಕ್ಕಿನ ಕಪಾಟು

ನಮ್ಮ ತಕ್ಕಡಿಯಲ್ಲಿ ಗೆಲ್ಲುವುದು ಇದೇ. ಆದರೆ ಅಳತೆ ನೋಡದೆ ಕೊಂಡರೆ ಪಶ್ಚಾತ್ತಾಪ ಖಂಡಿತ. ಸಾಮಾನ್ಯವಾಗಿ ಸಿಗುವ ಗಾತ್ರ 150 ಸೆಂ.ಮೀ. ಎತ್ತರ, 30 ಅಗಲ, 25 ಆಳ. ಒರೆಸಮೇತ ಸುಮಾರು 100 ಸೆಂ.ಮೀ. ಬರುವ ಜಪಾನಿ ಕತ್ತಿ ಕಟಾನಾ ಸಲೀಸಾಗಿ ನಿಲ್ಲುತ್ತದೆ. ತಲ್ವಾರ್ ಅದಕ್ಕಿಂತ ಗಿಡ್ಡ. ಯುರೋಪಿನ ಎರಡು ಕೈಯ ಉದ್ದಗತ್ತಿ 110ರಿಂದ 130, ಅದೂ ಹಿಡಿಸುತ್ತದೆ. ಆಳೆತ್ತರದ ದೈತ್ಯ ಕತ್ತಿ ಇದ್ದವರು ಮಾತ್ರ ಬೇರೆ ದಾರಿ ನೋಡಬೇಕು.

ಎಡವಟ್ಟಾಗುವುದು ಅಗಲದಲ್ಲಿ. 'ಐದು ಬಂದೂಕು ಹಿಡಿಸುತ್ತದೆ' ಎಂದು ಬರೆದಿದ್ದರೆ ಐದು ಉದ್ದಗತ್ತಿ ಹಿಡಿಸುತ್ತದೆ ಎಂದಲ್ಲ. ಬಂದೂಕಿನ ನಳಿಗೆ ಸಪೂರ. ಉದ್ದಗತ್ತಿಯ ಹಿಡಿಗೆ ಅಡ್ಡಲಾಗಿರುವ ಕಾಪು 18ರಿಂದ 25 ಸೆಂ.ಮೀ. ಚಾಚಿಕೊಂಡಿರುತ್ತದೆ. ಎರಡನ್ನು ಪಕ್ಕಪಕ್ಕ ನಿಲ್ಲಿಸಿದರೆ ಕಾಪುಗಳು ಒಂದಕ್ಕೊಂದು ಕೊಕ್ಕೆ ಹಾಕಿಕೊಳ್ಳುತ್ತವೆ. ಒಂದನ್ನು ತೆಗೆದರೆ ಇನ್ನೊಂದು ಹೊರಗೆ ಬೀಳುತ್ತದೆ. ಉಪಾಯ ಎರಡು. ಕಾಪು ಕಪಾಟಿನ ಕರ್ಣಕ್ಕೆ ಸಮನಾಗಿ ಓರೆಯಾಗುವಂತೆ ತಿರುಗಿಸಿ ನಿಲ್ಲಿಸುವುದು ಒಂದು. ಪ್ರತಿ ಎರಡನೇ ಕತ್ತಿಯ ಅಡಿಗೆ 10 ಸೆಂ.ಮೀ. ಮರದ ತುಂಡಿಟ್ಟು ಕಾಪುಗಳ ಮಟ್ಟ ಹೆಚ್ಚುಕಡಿಮೆ ಮಾಡುವುದು ಇನ್ನೊಂದು. ಇಷ್ಟೆಲ್ಲ ಮಾಡಿದರೂ ಐದರ ಕಪಾಟಿಗೆ ಮೂರು ಉದ್ದಗತ್ತಿ, ಕಟಾನಾ ಆದರೆ ನಾಲ್ಕೈದು ಎಂದು ಲೆಕ್ಕ ಹಿಡಿಯಿರಿ. ಒತ್ತೊತ್ತಾಗಿ ತುಂಬಿದ ಕಪಾಟು ಮುಚ್ಚಲು ಹೊತ್ತು ತಿನ್ನುತ್ತದೆ, ಮತ್ತೆ ಮೊದಲಿನ ತಕ್ಕಡಿಗೇ ಬಂದೆವು.

ತಗಡಿನ ದಪ್ಪಕ್ಕೆ ಬರೋಣ. ಮೇಲೆ ಹೇಳಿದ ಅಳತೆಯ ಪೆಟ್ಟಿಗೆ 2 ಮಿ.ಮೀ. ತಗಡಿನದಾದರೆ ಸುಮಾರು 28 ಕೆ.ಜಿ.; 1 ಮಿ.ಮೀ. ಆದರೆ 14. ಮೂರು ವರ್ಷದ ಮಗುವಿನ ತೂಕವೂ ಹೆಚ್ಚುಕಡಿಮೆ 14 ಕೆ.ಜಿ. ಬಾಗಿಲು ತೆರೆದಿರುವಾಗ ಅದರ ಹಿಡಿಕೆಗೆ ಮಗು ಜೋತುಬಿದ್ದರೆ 25 ಸೆಂ.ಮೀ. ಆಳದ ಕಪಾಟು ನಿಲ್ಲುವುದಿಲ್ಲ, ಒಳಗಿನ ಕತ್ತಿಗಳೊಂದಿಗೆ ಮುಗ್ಗರಿಸುತ್ತದೆ. ಹಾಗಾಗಿ ಗೋಡೆಗೆ ಬೋಲ್ಟ್ ಹಾಕದ ಕಪಾಟನ್ನು ಬೀಗವಿಲ್ಲದ ಕಪಾಟು ಎಂದೇ ಎಣಿಸಬೇಕು. ಹಿಂಬದಿಯಲ್ಲಿ ನಾಲ್ಕು ತೂತು ಇರುವುದನ್ನೇ ಕೊಳ್ಳಿ: ಮೇಲೆ ಎರಡು, ಕೆಳಗೆ ಎರಡು. ಗಟ್ಟಿ ಇಟ್ಟಿಗೆ, ಕಾಂಕ್ರೀಟಿಗೆ 8 ಅಥವಾ 10 ಮಿ.ಮೀ. ಆಂಕರ್ ಬೋಲ್ಟ್ ಸಾಕು; ತೂತು ಇಟ್ಟಿಗೆಯ ನಡುವೆ ಬೀಳಬೇಕು, ಗಾರೆಯ ಸಂದಿಯಲ್ಲಲ್ಲ. ಟೊಳ್ಳು ಬ್ಲಾಕಿನ ಗೋಡೆಗೆ ಈ ಬೋಲ್ಟ್ ಹಿಡಿಯುವುದಿಲ್ಲ, ಬಿಗಿದಷ್ಟೂ ಒಳಗೆ ಪುಡಿಯಾಗುತ್ತದೆ. ಅಲ್ಲಿ ಜಾಲರಿ ತೋಳು ಹಾಕಿ ರಾಸಾಯನಿಕ ಅಂಟಿನ ಆಂಕರ್ ಬೇಕು. ಗೋಡೆಯ ಬುಡದಲ್ಲಿ ಟೈಲ್ಸ್ ಪಟ್ಟಿ ಮುಂದೆ ಬಂದಿದ್ದರೆ ಕಪಾಟಿನ ಮೇಲ್ಭಾಗಕ್ಕೂ ಗೋಡೆಗೂ ಸಂದಿ ಉಳಿಯುತ್ತದೆ. ಅದಕ್ಕೆ ಅಷ್ಟೇ ದಪ್ಪದ ಮರದ ಪಟ್ಟಿ ಕೊಟ್ಟು ಬಿಗಿಯಬೇಕು. ಇಲ್ಲದಿದ್ದರೆ ಹಿಂಬದಿ ತಗಡು ಸೊಟ್ಟಗಾಗಿ ಬಾಗಿಲು ಚೌಕಟ್ಟಿಗೆ ಕೂರುವುದಿಲ್ಲ, ಬೀಗದ ನಾಲಿಗೆ ಅರ್ಧವೇ ಹೊಕ್ಕು ನಿಲ್ಲುತ್ತದೆ. ಹೊರಗಿನಿಂದ ನೋಡಿದರೆ ಬೀಗ ಬಿದ್ದಂತೆಯೇ ಕಾಣುತ್ತದೆ.

ಬೋಲ್ಟ್ ಹಾಕುವವರೆಗೆ ಖಾಲಿ ಕಪಾಟನ್ನು ಬಾಗಿಲು ಗೋಡೆಗೆ ಮುಖ ಮಾಡಿ ಇಡಿ. ಅಡಗಿಕೊಳ್ಳುವ ಆಟಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಮಗುವಿಗೆ ಕಾಣುವುದಿಲ್ಲ.

ಕೀಲಿ, ಅಂಕಿ, ಬೆರಳು

ಬೀಗದಲ್ಲಿ ಹುಡುಕಬೇಕಾದ ಗುಣ ಒಂದಿದೆ, ಅದನ್ನು ಯಾರೂ ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಬರೆಯುವುದಿಲ್ಲ: ಬೀಗ ಹಾಕದೆ ಕೀಲಿ ಹೊರಗೆ ಬರಬಾರದು. ಇಂಥ ಬೀಗದಲ್ಲಿ ಬಾಗಿಲು ತೆರೆದಿರುವಷ್ಟು ಹೊತ್ತು ಕೀಲಿ ಅಲ್ಲೇ ಕಚ್ಚಿಕೊಂಡಿರುತ್ತದೆ. ಜೇಬು ತಡವಿ ಕೀಲಿ ಸಿಕ್ಕಿತೆಂದರೆ ಕಪಾಟಿಗೆ ಬೀಗ ಬಿದ್ದಿದೆ, ಎದ್ದುಹೋಗಿ ನೋಡಬೇಕಿಲ್ಲ. ಅಂಗಡಿಯಲ್ಲೇ ಪರೀಕ್ಷಿಸಿ: ಬಾಗಿಲು ತೆರೆದು, ನಾಲಿಗೆ ಒಳಗಿರುವಾಗ ಕೀಲಿ ಎಳೆಯಿರಿ. ಬಂದರೆ ಆ ಕಪಾಟು ಬೇಡ. ಕಚೇರಿ ಬೀರುಗಳಿಗೆ ಹಾಕುವ ಚಿಕ್ಕ ಕ್ಯಾಮ್ ಲಾಕ್ ಇದ್ದರೂ ಬೇಡ. ಒಂದರ ಕೀಲಿ ಇನ್ನೊಂದಕ್ಕೆ ಆಗುವುದು ಅದರಲ್ಲಿ ಮಾಮೂಲು, ಆಟಕ್ಕೆ ಕೊಟ್ಟ ಹಳೇ ಕೀಲಿಗೊಂಚಲಲ್ಲೇ ಹೊಂದುವುದೊಂದು ಇರಬಹುದು. ಎರಡೂ ಕಡೆ ಹಲ್ಲಿರುವ ಕೀಲಿಯ ಲೀವರ್ ಬೀಗ ಒಳ್ಳೆಯದು. ಮೇಲೊಂದು ಕೆಳಗೊಂದು ಎರಡು ಬೀಗವಿರುವ ಕಪಾಟಿನಲ್ಲಿ ಒಂದಷ್ಟು ದಿನಕ್ಕೆ ಎಲ್ಲರೂ ಒಂದನ್ನೇ ಹಾಕುತ್ತಾರೆ. ಒಂದೇ ಬೀಗ, ಮೂರು ಕಡೆ ಸರಳು ಚಾಚುವ ಮಾದರಿ ಸಿಕ್ಕರೆ ಅದೇ ವಾಸಿ.

ಮೂರು ಚಕ್ರದ ಅಂಕಿ ಬೀಗದಲ್ಲಿ 1,000 ಜೋಡಣೆ ಇರುತ್ತದೆ, ಆದರೆ ದೋಷ ಅಲ್ಲಿಲ್ಲ. ಮುಚ್ಚಿದ ಮೇಲೆ ಒಂದು ಚಕ್ರವನ್ನು ಒಂದೇ ಮನೆ ಸರಿಸುವ ಚಟ ಬೆಳೆಯುತ್ತದೆ, ಬೇಗ ತೆರೆಯಬಹುದೆಂದು. ಸುಮ್ಮನೆ ತಿರುಗಿಸುತ್ತ ಕೂತ ಮಗು ಅದನ್ನು ಸರಿಯಾದ ಮನೆಗೆ ತರಲು ಜಾಣತನವೇನೂ ಬೇಡ.

ಗುಂಡಿ ಒತ್ತುವ ಎಲೆಕ್ಟ್ರಾನಿಕ್ ಬೀಗ ಮುಚ್ಚುವ ವೇಗದಲ್ಲಿ ಮುಂದು. ಬಾಗಿಲು ತಳ್ಳಿದರೆ ತಾನೇ ಕೂರುವ ಮಾದರಿ ಒಳ್ಳೆಯದು. ಹಿಡಿಕೆ ತಿರುಗಿಸಿದರಷ್ಟೇ ಸರಳು ಹೊರಬರುವ ಮಾದರಿಯಲ್ಲಿ ಬಾಗಿಲು ಮುಚ್ಚಿದ್ದೂ ಬೀಗ ಬಿದ್ದಿರುವುದಿಲ್ಲ. ನಾಲ್ಕು ವರ್ಷದ ಹೊತ್ತಿಗೆ ಮಗುವಿಗೆ ಅಂಕಿ ಗುರುತು ಹತ್ತುತ್ತದೆ, ಕೀಂ ಕೀಂ ಎನ್ನುವ ಗುಂಡಿಯ ತಾಳವೂ ನೆನಪಿರುತ್ತದೆ. ಬೆನ್ನು ಕೊಟ್ಟು ಒತ್ತಿ, ಹುಟ್ಟಿದ ದಿನಾಂಕ ಇಡಬೇಡಿ. ಮೇಜಿನ ಮೇಲಿಡುವ ಚಿಕ್ಕ ಲಾಕರುಗಳನ್ನು ಚಾಕುಗಳಿಗೆಂದು ಕೊಳ್ಳುವವರು ಒಂದು ಪರೀಕ್ಷೆ ಮಾಡಬೇಕು: ಖಾಲಿ ಲಾಕರಿಗೆ ಬೀಗ ಹಾಕಿ, ನೆತ್ತಿಗೆ ಮುಷ್ಟಿಯಿಂದ ಗುದ್ದುತ್ತ ಹಿಡಿಕೆ ತಿರುಗಿಸಿ. ಅಗ್ಗದ ಸೊಲೆನಾಯ್ಡ್ (ವಿದ್ಯುತ್ ಅಯಸ್ಕಾಂತದಿಂದ ಪಿನ್ ಸರಿಸುವ) ಬೀಗದಲ್ಲಿ ಆ ಕುಲುಕಿಗೆ ಒಳಗಿನ ಪಿನ್ ಒಂದು ಕ್ಷಣ ಮೇಲೆದ್ದು ಬಾಗಿಲು ತೆರೆಯುತ್ತದೆ. ಮಗು ಅದನ್ನು ಎತ್ತಿ ಬೀಳಿಸಿದರೂ ಆಗುವುದು ಇದೇ.

ಬೆರಳಚ್ಚಿನ ಬೀಗದ ಬಗ್ಗೆ ಸ್ವಲ್ಪ ಕಠಿಣವಾಗಿಯೇ ಹೇಳಬೇಕು. 2023ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಸುಮಾರು 61,000 ಬೆರಳಚ್ಚು ಲಾಕರುಗಳನ್ನು ವಾಪಸ್ ಕರೆಸಲಾಯಿತು. ಮಾಲೀಕರು ಬೆರಳು ದಾಖಲಿಸಿದ್ದೇವೆಂದು ನಂಬಿದ್ದರೂ ಬೀಗ ಕಾರ್ಖಾನೆಯ ಮೂಲಸ್ಥಿತಿಯಲ್ಲೇ ಉಳಿದು, ಯಾರ ಬೆರಳಿಟ್ಟರೂ ತೆರೆದುಕೊಳ್ಳುತ್ತಿತ್ತು. ಈ ಸ್ಥಿತಿಯನ್ನು ಹಿಡಿಯುವುದು ಸುಲಭ, ಆದರೆ ಯಾರೂ ಹಿಡಿಯುವುದಿಲ್ಲ, ಯಾಕೆಂದರೆ ಎಲ್ಲರೂ ತಮ್ಮ ಬೆರಳಿಟ್ಟು 'ತೆರೆಯಿತು, ಸರಿಯಿದೆ' ಎನ್ನುತ್ತಾರೆ. ದಾಖಲಿಸಿದ ಮೇಲೆ ದಾಖಲಾಗದ ಬೆರಳುಗಳನ್ನು, ಮಗುವಿನದ್ದನ್ನೂ ಸೇರಿಸಿ, ತಲಾ ಹತ್ತು ಸಲ ಇಟ್ಟು ನೋಡಬೇಕು. ಬ್ಯಾಟರಿ ಬದಲಿಸಿದ ದಿನ ಇದನ್ನೇ ಮತ್ತೆ ಮಾಡಬೇಕು. ಒಂದೇ ಒಂದು ಸಲ ತೆರೆದರೂ ವಾಪಸ್ ಕಳಿಸಿ.

ಅಡುಗೆಮನೆ ಕಪಾಟಿಗೆ ಅಂಟಿಸುವ ಪ್ಲಾಸ್ಟಿಕ್ ಲಾಚು, ಅಯಸ್ಕಾಂತ ತೋರಿಸಿದರೆ ಬಿಚ್ಚುವ ಲಾಚು ಪಾತ್ರೆಗಳಿಗೆ ಸರಿ. ಜಿಡ್ಡಿಗೆ, ಸೆಕೆಗೆ ಅಂಟು ಬಿಡುತ್ತದೆ. ಸಂಗ್ರಹಕ್ಕೆ ಅದು ಬೀಗವಲ್ಲ.

ಒರೆಯ ಸಂಕಟ

ಚಾಕು-ಕತ್ತಿ ಬಲ್ಲವರೆಲ್ಲ ಹೇಳುವ ಮಾತು: ಚರ್ಮದ ಒರೆಯಲ್ಲಿ ಅಲಗನ್ನು ದೀರ್ಘಕಾಲ ಇಡಬೇಡಿ. ಚರ್ಮ ಹದ ಮಾಡಿದ ಟ್ಯಾನಿನ್, ಲವಣ ಒಳಗೇ ಉಳಿದಿರುತ್ತದೆ, ಗಾಳಿಯ ತೇವವನ್ನು ಅದು ಹೀರುತ್ತದೆ; ಕಾರ್ಬನ್ ಉಕ್ಕಿಗೆ ಕಪ್ಪು ಚುಕ್ಕೆ, ಹಿತ್ತಾಳೆ ಕಾಪಿಗೆ ಹಸಿರು ಕಿಲುಬು. ಮಾತು ನಿಜ. ಆದರೆ ಮಗುವಿರುವ ಮನೆಯಲ್ಲಿ ಇದನ್ನು ಅಕ್ಷರಶಃ ಪಾಲಿಸಿದರೆ ಕಪಾಟಿನ ತುಂಬ ಬೆತ್ತಲೆ ಅಲಗು ನಿಲ್ಲುತ್ತದೆ, ಬಾಗಿಲು ತೆರೆದ ಕ್ಷಣದಲ್ಲಿ ಮಗು ಪಕ್ಕದಲ್ಲಿದ್ದರೆ ಮುಗಿಯಿತು. ನಡುವಿನ ದಾರಿ: ಚರ್ಮದ ಒರೆಯನ್ನು ಬೇರೆ ಚೀಲದಲ್ಲಿಟ್ಟು, ಅಲಗಿಗೆ ಸುಕ್ಕುಪದರದ ಪಾಲಿಪ್ರೊಪಿಲೀನ್ ಹಾಳೆಯ ಕವಚ ಮಾಡಿ. ಅಲಗಿನ ಅಗಲದ ಎರಡರಷ್ಟಕ್ಕೆ 3 ಸೆಂ.ಮೀ. ಸೇರಿಸಿ ಹಾಳೆ ಕತ್ತರಿಸಿ, ನಡುವೆ ಮಡಚಿ, ತೆರೆದ ಅಂಚಿಗೆ ಹತ್ತತ್ತು ಸೆಂ.ಮೀ.ಗೊಂದು ರಿವೆಟ್ ಹೊಡೆಯಿರಿ. ತುದಿಯನ್ನೂ ಮಡಚಿ ರಿವೆಟ್ ಹಾಕಿ, ಇಲ್ಲವಾದರೆ ಮೊನೆ ಹೊರಗೆ ಇಣುಕುತ್ತದೆ. ಒಳಗೆ ತುಕ್ಕು ತಡೆಯುವ ವಿಸಿಐ ಕಾಗದದ ಪದರ ಕೊಟ್ಟರೆ ಇನ್ನೂ ಒಳ್ಳೆಯದು. ನೀರಿನ ಪಿವಿಸಿ ಪೈಪಿನಲ್ಲಿ ಕತ್ತಿ ಇಡುವುದು ಕಾಣಲು ಜಾಣ ಉಪಾಯ, ಆದರೆ ಪಿವಿಸಿ ಹಳತಾಗುತ್ತ ಬಿಡುವ ಆಮ್ಲ ಉಕ್ಕನ್ನು ತಿನ್ನುತ್ತದೆ.

ಮರದ ಒರೆಯ ಕಟಾನಾಕ್ಕೆ ಈ ತೊಂದರೆಯಿಲ್ಲ, ಬೇರೊಂದಿದೆ. ಅಲಗಿನ ಬುಡದಲ್ಲಿ ಹಬಾಕಿ ಎಂಬ ಲೋಹದ ಪಟ್ಟಿ ಇರುತ್ತದೆ. ಅದು ಒರೆಬಾಯಿಗೆ ಬಿಗಿಯಾಗಿ ಕಚ್ಚುವುದರಿಂದಲೇ ಕತ್ತಿ ಒಳಗೆ ನಿಲ್ಲುತ್ತದೆ. ಬೇರೆ ಕೊಂಡಿ, ಗುಂಡಿ ಏನೂ ಇಲ್ಲ. ಸಾವಿರ ಸಲ ಎಳೆದು ಹಾಕಿದ ಮೇಲೆ ಒರೆಬಾಯಿಯ ಮರ ಸವೆಯುತ್ತದೆ, ಒಣ ಹವೆಯಲ್ಲಿ ಮರ ಕುಗ್ಗಿ ಬಾಯಿ ಬದಲಾಗುತ್ತದೆ. ಆಮೇಲೆ ಮಗು ಒರೆಯ ತುದಿ ಹಿಡಿದು ಮೇಲೆತ್ತಿದರೆ ಸಾಕು, 70 ಸೆಂ.ಮೀ. ಅಲಗು ತಾನಾಗಿ ಜಾರಿ ಪಾದದ ಮೇಲೆ ಬರುತ್ತದೆ. ಪರೀಕ್ಷೆ ಹೀಗೆ: ದಪ್ಪ ಹಾಸಿಗೆಯ ಮೇಲೆ, ಒಂದು ಕೈ ಹಿಡಿಯ ಕೆಳಗೆ ಕಾವಲಿಟ್ಟು, ಕತ್ತಿಯನ್ನು ಹಿಡಿ ಕೆಳಗಾಗುವಂತೆ ನಿಧಾನ ಓರೆ ಮಾಡಿ. ಪೂರ್ತಿ ತಲೆಕೆಳಗಾದರೂ ತನ್ನ ಭಾರಕ್ಕೆ ಜಾರದಿದ್ದರೆ ಒರೆ ಸರಿಯಿದೆ. ಅರ್ಧ ಓರೆಗೇ ಜಾರಿದರೆ ಒರೆಬಾಯಿಯ ಒಳಗೋಡೆಗೆ ಕಾಗದದಷ್ಟು ತೆಳು ಮರದ ಸಿಪ್ಪೆ ಅಂಟಿಸಬೇಕು. ಅಂಟು ಪೂರ್ತಿ ಒಣಗುವವರೆಗೆ ಅಲಗನ್ನು ಅದರೊಳಗೆ ಹಾಕಬಾರದು. ಹಳೆಯ, ಬೆಲೆಬಾಳುವ ಒರೆಯಾದರೆ ಮನೆಯಲ್ಲಿ ಕೈ ಹಾಕದೆ ಬಲ್ಲ ಕುಶಲಕರ್ಮಿಗೆ ಕೊಡಿ. ಬಿಗಿ ವಿಪರೀತವಾದರೆ ಅದೂ ಕೆಟ್ಟದ್ದು: ಜಗ್ಗಿ ಎಳೆಯುವಾಗ ಅಲಗು ಒಮ್ಮೆಲೇ ಹೊರಬಂದು ಒರೆ ಹಿಡಿದ ಕೈಗೆ ತಾಗುತ್ತದೆ.

ಇದರ ಮೇಲೆ ಎರಡನೆಯ ಕಾವಲು: ಕಾಪಿನಿಂದ ಒರೆಯ ಹಗ್ಗದ ಕೊಂಡಿಗೆ ಕೇಬಲ್ ಟೈ. 4.8 ಮಿ.ಮೀ. ಅಗಲದ ನೈಲಾನ್ ಟೈ ಸಾಮಾನ್ಯವಾಗಿ 22 ಕೆ.ಜಿ. ಎಳೆತ ತಡೆಯುತ್ತದೆ, ಮಗುವಿನ ಕೈಗೆ ಬಿಡುವುದಿಲ್ಲ. ಅರಗಿನ ಮೆರುಗು ಕೆರೆಯದಂತೆ ಕೆಳಗೆ ಹತ್ತಿ ಪಟ್ಟಿ ಸುತ್ತಿ. ಪ್ರತಿ ಸಲ ಕತ್ತರಿಸಬೇಕಲ್ಲ ಎಂದು ಬೇಸರಪಡುವವರು ವರ್ಷಕ್ಕೆ ಎರಡೇ ಸಲ ತೆಗೆಯುವ ಕತ್ತಿಗಳಿಗಾದರೂ ಹಾಕಲಿ.

ನೇಪಾಳದ ಬಾಗಿದ ಕತ್ತಿ ಕುಕ್ರಿ ಇದ್ದವರು ಒರೆಯ ಬೆನ್ನನ್ನು ಒಮ್ಮೆ ನೋಡಿ. ಅಲ್ಲಿ ಎರಡು ಚಿಕ್ಕ ಸಲಕರಣೆ ಸಿಕ್ಕಿಸಿರುತ್ತದೆ: ಕರ್ದ ಎಂಬ ಪುಟ್ಟ ಚಾಕು, ಚಕ್ಮಕ್ ಎಂಬ ಹರಿತವಿಲ್ಲದ ಉಕ್ಕಿನ ತುಂಡು. ಬಿಗಿ ಇರುವುದಿಲ್ಲ, ತಲೆಕೆಳಗು ಮಾಡಿದರೆ ಉದುರುತ್ತವೆ. ದೊಡ್ಡ ಅಲಗಿನ ಮೇಲೇ ಕಣ್ಣಿಟ್ಟವರಿಗೆ ಈ ಬೆರಳುದ್ದದ್ದು ಕಾರ್ಪೆಟ್ ಮೇಲೆ ಬಿದ್ದದ್ದು ಗೊತ್ತೇ ಆಗುವುದಿಲ್ಲ. ಕೆಲವು ಜಪಾನಿ ಒರೆಗಳ ಪಕ್ಕದ ಸೀಳಿನಲ್ಲೂ ಇಂಥದೇ ಚಿಕ್ಕ ಚಾಕು ಇರುತ್ತದೆ. ಅವನ್ನು ಬೇರೆ ಡಬ್ಬಿಗೆ ಹಾಕಿ, ಲೆಕ್ಕದ ಪಟ್ಟಿಯಲ್ಲೂ ಬೇರೆಯಾಗಿ ಬರೆಯಿರಿ.

ಕಪಾಟಿನೊಳಗಿನ ಹವೆ, ಮತ್ತು ಮಗು ಬಾಯಿಗೆ ಹಾಕುವ ವಸ್ತುಗಳು

ಉಕ್ಕಿಗೆ ಒಣ ಹವೆ ಬೇಕು, ಮರ-ಕೊಂಬಿನ ಹಿಡಿಗೆ ತೀರಾ ಒಣಗಬಾರದು. ತೇವಾಂಶ 45ರಿಂದ 50 ಪ್ರತಿಶತದ ಸುತ್ತ ಇದ್ದರೆ ಎರಡಕ್ಕೂ ಒಗ್ಗುತ್ತದೆ. ಮೇಲೆ ಹೇಳಿದ ಕಪಾಟಿನ ಒಳಜಾಗ ಸುಮಾರು 112 ಲೀಟರ್. ಅರ್ಧ ಕೆ.ಜಿ. ಸಿಲಿಕಾ ಜೆಲ್‌ನಿಂದ ಶುರುಮಾಡಿ ಮಾಪಕ ನೋಡುತ್ತ ಹೆಚ್ಚುಕಡಿಮೆ ಮಾಡಿ. ಬೋಲ್ಟಿನ ತೂತು, ಬಾಗಿಲ ಸಂದಿಯಿಂದ ಹವೆ ನುಸುಳುವುದರಿಂದ ಮಳೆಗಾಲದಲ್ಲಿ ಜೆಲ್ ಬೇಗ ತೇವ ತುಂಬಿಕೊಳ್ಳುತ್ತದೆ. ಬಿಡಿ ಹರಳಾದರೆ ಓವನ್‌ನಲ್ಲಿ 110-120 ಡಿಗ್ರಿಗೆ ಎರಡು ಗಂಟೆ ಕಾಯಿಸಿದರೆ ಮತ್ತೆ ತಯಾರು. ಕೊಳ್ಳುವಾಗ ನೀಲಿಯಿಂದ ಗುಲಾಬಿಗೆ ತಿರುಗುವ ಹರಳು ಬೇಡ. ಆ ನೀಲಿ ಕೋಬಾಲ್ಟ್ ಕ್ಲೋರೈಡ್, ವಿಷ. ಕಿತ್ತಳೆ ಬಣ್ಣದ್ದು ಸಿಗುತ್ತದೆ. ಅದಾದರೂ ಪೊಟ್ಟಣ ಹರಿದರೆ ಗಂಟಲಿಗೆ ಸಿಕ್ಕುವ ಹರಳೇ, ಹೊಲಿದ ಚೀಲದಲ್ಲಿರಲಿ.

ತೇವಾಂಶ ಮಾಪಕವನ್ನು ಬಾಗಿಲ ಹೊರಗೆ ಅಯಸ್ಕಾಂತದಿಂದ ಅಂಟಿಸುವ ಅಭ್ಯಾಸ ಬಿಡಿ. ಇಂಥ ಪುಟ್ಟ ಮಾಪಕಗಳಲ್ಲಿ ಹೆಚ್ಚಿನವಕ್ಕೆ 20 ಮಿ.ಮೀ. ಅಗಲದ ಲಿಥಿಯಂ ಬಟನ್ ಸೆಲ್ ಇರುತ್ತದೆ. ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೆ ಒಳಗೆ ಸುಡುತ್ತದೆ. ನುಂಗಿದ ಅನುಮಾನ ಬಂದರೂ ಸಾಕು, ಎಕ್ಸ್‌ರೇ ಇರುವ ಆಸ್ಪತ್ರೆಗೆ ಆ ಕ್ಷಣವೇ ಓಡಬೇಕು. ಸೆಲ್ ಮುಚ್ಚಳಕ್ಕೆ ಸ್ಕ್ರೂ ಇರುವ ಮಾಪಕ ಕೊಂಡು ಕಪಾಟಿನ ಒಳಗಿಡಿ. ಕತ್ತಿಗೆ ಅಷ್ಟೆಲ್ಲ ಬೀಗ ಹಾಕಿ ಇದನ್ನು ಹೊರಗೆ ಬಿಟ್ಟರೆ ಏನು ಪ್ರಯೋಜನ?

ಎಣ್ಣೆಯ ವಿಷಯವೂ ಹೀಗೆ. ಅಲಗಿಗೆ ಹಚ್ಚಲು ಚೋಜಿ ಎಣ್ಣೆ ಎಂದು ಮಾರುವುದು ಲವಂಗದೆಣ್ಣೆ ಬೆರೆಸಿದ ಮಿನರಲ್ ಎಣ್ಣೆ. ಪರಿಮಳ ಚೆನ್ನಾಗಿದೆ, ಸೀಸೆ ಬೆರಳಿನಷ್ಟು, ಮುಚ್ಚಳ ಸುಲಭ. ತೆಳು ಎಣ್ಣೆ ಕುಡಿಯುವಾಗ ಶ್ವಾಸಕೋಶಕ್ಕೆ ಹೋಗುವುದೇ ದೊಡ್ಡ ಅಪಾಯ, ಹಾಗಾಗಿ ಕುಡಿದ ಮಗುವಿಗೆ ವಾಂತಿ ಮಾಡಿಸಬಾರದು, ವೈದ್ಯರ ಬಳಿ ಒಯ್ಯಬೇಕು. ಜಪಾನಿ ಹೊಳಪಿನ ಅಲಗುಗಳನ್ನು ಬಿಟ್ಟು ಉಳಿದವಕ್ಕೆ ಸೂಕ್ಷ್ಮಸ್ಫಟಿಕ ಮೇಣ ವಾಸಿ ಎಂಬುದು ನಮ್ಮ ತೀರ್ಪು. 1950ರ ದಶಕದಲ್ಲಿ ಬ್ರಿಟಿಷ್ ಮ್ಯೂಸಿಯಂನ ಪ್ರಯೋಗಾಲಯದಲ್ಲಿ ರೂಪಿಸಿದ ರೆನೆಸಾನ್ಸ್ ವ್ಯಾಕ್ಸ್ ಈ ಬಗೆಯದು. ಒಣಗಿ ಕೂರುತ್ತದೆ, ತೊಟ್ಟಿಕ್ಕುವುದಿಲ್ಲ, ನಿಲ್ಲಿಸಿಟ್ಟ ಕತ್ತಿಯಲ್ಲಿ ಎಣ್ಣೆಯಂತೆ ಮೊನೆಗೆ ಇಳಿದು ಒರೆ ನೆನೆಸುವುದಿಲ್ಲ. ಅದರ ದ್ರಾವಕವೂ ಬಾಯಿಗೆ ಹೋಗಬಾರದ್ದೇ, ಡಬ್ಬಿ ಬೀಗದೊಳಗೇ ಇರಬೇಕು. ಕಪಾಟಿನ ತಳಕ್ಕೆ ಸಾಮಾನ್ಯ ಸ್ಪಂಜು ಹಾಸಬೇಡಿ, ನೀರು ಹಿಡಿದು ಕೆಲವೇ ವರ್ಷದಲ್ಲಿ ಪುಡಿಪುಡಿ ಅಂಟಾಗುತ್ತದೆ. ನೀರು ಹೀರದ ಮುಚ್ಚುಕೋಶದ ಪಾಲಿಎಥಿಲೀನ್ ಹಾಳೆ ತನ್ನಿ.

ಗಾಜಿನ ಷೋಕೇಸು

ಸಂಗ್ರಹ ಕಣ್ಣಿಗೆ ಕಾಣಬೇಕೆನ್ನುವ ಆಸೆ ತಪ್ಪಲ್ಲ, ಆದರೆ ಅಂಗಡಿಯಲ್ಲಿ ಸಿಗುವ ಷೋಕೇಸು ಎರಡು ಕಡೆ ಸೋಲುತ್ತದೆ. ಜಾರುಗಾಜಿನ ಬಾಗಿಲಿಗೆ ಹಾಕುವ ಹಲ್ಲುಪಟ್ಟಿಯ ಬೀಗ ಗಟ್ಟಿಯಾಗಿಯೇ ಇರುತ್ತದೆ, ಆದರೆ ಮೇಲಿನ ಕಾಲುವೆಯಲ್ಲಿ ಸಡಿಲವಿದ್ದರೆ ಗಾಜನ್ನೇ ಬೀಗಸಮೇತ ಎತ್ತಿ ಕಳಚಬಹುದು. ಬೀಗ ಹಾಕಿ, ಎರಡೂ ಅಂಗೈ ಗಾಜಿಗೊತ್ತಿ ಮೇಲಕ್ಕೆತ್ತಿ ನೋಡಿ. ಕೆಳಗಿನ ಹಳಿಯಿಂದ ಬಿಟ್ಟರೆ ಮೇಲಿನ ಕಾಲುವೆಗೆ ತುಂಡು ಪಟ್ಟಿ ಹಾಕಿ ಎತ್ತರ ಕಡಿಮೆ ಮಾಡಬೇಕು. ಎರಡನೆಯದು ಗಾಜು. ಟಫನ್ಡ್ ಗಾಜು ಒಡೆದರೆ ಮೊಂಡು ಹರಳಾಗುವುದು ನಿಜ, ಆದರೆ ಇಡೀ ಬಾಗಿಲು ಒಂದೇ ಸಲ ಉದುರಿ ಕತ್ತಿಗಳು ಬಯಲಾಗುತ್ತವೆ. 6.38 ಮಿ.ಮೀ. ಲ್ಯಾಮಿನೇಟೆಡ್ ಗಾಜು, ಅಂದರೆ 3 ಮಿ.ಮೀ.ಯ ಎರಡು ಗಾಜಿನ ನಡುವೆ 0.38 ಮಿ.ಮೀ. ಪದರ, ಬಿರುಕು ಬಿಟ್ಟರೂ ಜಾಗದಲ್ಲೇ ನಿಲ್ಲುತ್ತದೆ. ಇದನ್ನು ಹಾಕಿಸಿ, ಗೋಡೆಗೆ ಬಿಗಿದು, ಕೆಳಗಿನ ಅಂಚು ನೆಲದಿಂದ 150 ಸೆಂ.ಮೀ. ಮೇಲಿಟ್ಟು, ಹತ್ತಿರ ಹತ್ತಲು ಏನೂ ಇಲ್ಲದಂತೆ ನೋಡಿಕೊಂಡರೆ ಎರಡು ಮೂರು ಕತ್ತಿಗೆ ಒಪ್ಪಬಹುದು. ಚೌಕಟ್ಟಿಗೆ ಓಕ್ ಮರ ಬೇಡ. ಅದು ಬಿಡುವ ಅಸಿಟಿಕ್ ಆಮ್ಲ ಮುಚ್ಚಿದ ಪೆಟ್ಟಿಗೆಯಲ್ಲಿ ಲೋಹಕ್ಕೆ ಕೆಡುಕು.

ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ

ಮಡಚುವ ಚಾಕುಗಳಿಗೆ ಇದರಷ್ಟು ಅನುಕೂಲ ಬೇರೆಯಿಲ್ಲ. ಮುಚ್ಚಳದ ಎರಡು ತೂತಿಗೆ ಎರಡು ಬೀಗ, ಸುತ್ತ ರಬ್ಬರ್ ಉಂಗುರ. ಒಂದೇ ಬೀಗ ಹಾಕಿದರೆ ಇನ್ನೊಂದು ಮೂಲೆಯನ್ನು ಎಬ್ಬಿ ಸಂದಿ ಮಾಡಬಹುದು. ಗಾಳಿಯಾಡದ ಪೆಟ್ಟಿಗೆಯಲ್ಲಿ ಒಳಗಿದ್ದ ತೇವ ಒಳಗೇ ಉಳಿಯುತ್ತದೆ, ಆದ್ದರಿಂದ ಒದ್ದೆ ಹವೆಯ ದಿನ ತೆರೆದರೆ ಹೊಸ ಸಿಲಿಕಾ ಚೀಲ ಹಾಕಿಯೇ ಮುಚ್ಚಿ. ಜೊತೆಗೆ ಬರುವ ಮೆತ್ತನೆ ಸ್ಪಂಜು ತೆಗೆದುಹಾಕಿ. ಹಳೆಯ ಸೆಲ್ಯುಲಾಯ್ಡ್ ಹಿಡಿಯ ಚಾಕು ಇದ್ದರೆ ಅದು ಈ ಪೆಟ್ಟಿಗೆಗೆ ಬೇಡವೇ ಬೇಡ. ಕೆಡತೊಡಗಿದ ಸೆಲ್ಯುಲಾಯ್ಡ್ ಬಿಡುವ ಆವಿ ಪಕ್ಕದ ಚಾಕುಗಳಿಗೂ ತುಕ್ಕು ಹಿಡಿಸುತ್ತದೆ. ಪೆಟ್ಟಿಗೆಯನ್ನು ಎತ್ತಿಕೊಂಡು ಹೋಗಬಹುದೆಂಬುದೇ ಅದರ ದೋಷ, ಹಾಗಾಗಿ ಅದರ ಜಾಗ ಉಕ್ಕಿನ ಕಪಾಟಿನ ತಳ. ಬೆರಳಿನ ಒಂದು ತಳ್ಳಿಗೆ ಚಿಮ್ಮಿ ತೆರೆಯುವ ಸ್ಪ್ರಿಂಗ್ ಚಾಕುಗಳಿಗೆ ರಬ್ಬರ್ ಬ್ಯಾಂಡ್ ನಂಬಬೇಡಿ, ಒಣಗಿ ಹರಿಯುತ್ತದೆ, ಅದರ ಗಂಧಕ ಬೆಳ್ಳಿ-ಹಿತ್ತಾಳೆಗೆ ಕಲೆಯನ್ನೂ ಬಿಡುತ್ತದೆ. ವೆಲ್ಕ್ರೋ ಪಟ್ಟಿ ಸುತ್ತಿ.

ಒರೆಸುವ ದಿನ

ಎಷ್ಟು ಒಳ್ಳೆಯ ಕಪಾಟಾದರೂ ವರ್ಷಕ್ಕೆ ಕೆಲವು ಗಂಟೆ ತೆರೆದೇ ಇರುತ್ತದೆ. 'ಮಗು ಪಕ್ಕದ ಕೋಣೆಯಲ್ಲಿ ಆಡುತ್ತಿದೆ' ಎಂಬುದು ಆ ಕೆಲಸಕ್ಕೆ ಹೊತ್ತಲ್ಲ. ಮಗುವನ್ನು ಇನ್ನೊಬ್ಬರು ಹೊರಗೆ ಕರೆದೊಯ್ದಿರಬೇಕು, ಅಥವಾ ಕೋಣೆಯ ಬಾಗಿಲಿಗೆ ಒಳಗಿನಿಂದ, ದೊಡ್ಡವರ ಎದೆಮಟ್ಟದಲ್ಲಿ ಚಿಲಕವಿರಬೇಕು. ಒಂದು ಹೊತ್ತಿಗೆ ಒಂದೇ ಕತ್ತಿ ಹೊರಗೆ. ಖಾಲಿ ಒರೆಯನ್ನು ಮೇಜಿನ ಮೇಲೆ ಬಾಯಿ ತನ್ನ ಕಡೆಗಿರುವಂತೆ ಇಟ್ಟುಕೊಂಡೇ ಒರೆಸಬೇಕು. ಕರೆಗಂಟೆ ಬಾರಿಸಿದರೆ ಅಲಗು ಮೊದಲು ಒರೆಗೆ, ಆಮೇಲೆ ಕಪಾಟಿಗೆ, ಬೀಗ ತಿರುಗಿಸಿ ಕೀಲಿ ಜೇಬಿಗೆ, ಆಮೇಲೆ ಬಾಗಿಲು. ಹಳೆ ಎಣ್ಣೆ ತೆಗೆಯಲು ಐಸೊಪ್ರೊಪೈಲ್ ಆಲ್ಕೋಹಾಲ್, ಮೆತ್ತನೆಯ ಬಟ್ಟೆ. ಬಟ್ಟೆ ಅಲಗಿನ ಬೆನ್ನಿನ ಕಡೆಯಿಂದ ಹಿಡಿದು ಬುಡದಿಂದ ಮೊನೆಗೆ ಒಂದೇ ದಿಕ್ಕಿನಲ್ಲಿ ಸಾಗಬೇಕು. ಒರೆಸಿದ ಬಟ್ಟೆಯಲ್ಲಿ ಲೋಹದ ಸಣ್ಣ ಚೂರು ಸಿಕ್ಕಿರುತ್ತದೆ, ಅದು ಮನೆಯ ಬಟ್ಟೆಗಳ ಜೊತೆ ಒಗೆಯಲು ಹೋಗಬಾರದು.

ಹಿಡಿಯ ಮರಕ್ಕೆ ಅಗಸೆ ಎಣ್ಣೆ ಹಚ್ಚಿದ್ದರೆ ಆ ಬಟ್ಟೆಯನ್ನು ಮುದ್ದೆ ಮಾಡಿ ಬುಟ್ಟಿಗೆ ಎಸೆಯಬೇಡಿ, ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಹೊರಗೆ ಹರವಿ ಒಣಗಿಸಿ.

ಬಾಗಿಲ ಒಳಮೈಗೆ ಒಂದು ಪಟ್ಟಿ ಅಂಟಿಸಿ: ಕತ್ತಿ ಇಷ್ಟು, ಚಾಕು ಇಷ್ಟು, ಕರ್ದ ಇಷ್ಟು. ಮುಚ್ಚುವ ಮೊದಲು ಬೆರಳಿಟ್ಟು ಎಣಿಸಬೇಕು. ಎರಡನೇ ಕೀಲಿಯನ್ನು ಕಪಾಟಿನ ನೆತ್ತಿಯ ಮೇಲೆ, ಹೂದಾನಿಯೊಳಗೆ, ದೇವರ ಪಟದ ಹಿಂದೆ ಇಡಬೇಡಿ. ಆ ಜಾಗಗಳೆಲ್ಲ ಮಗುವಿಗೆ ನಿಮಗಿಂತ ಮೊದಲು ಗೊತ್ತಿರುತ್ತವೆ.